ಆಂಡ್ರ್ಯೂನ ಹಳೆಯ ಸ್ಪೀಕರ್

ದೇವದಾಸ ಸುತ್ತಿಗೆ ಎತ್ತಿದಾಗಲೆಲ್ಲ ಯೋಗೀಶನ ಎದೆ ಧಸಕ್ಕೆನ್ನುತ್ತಿತ್ತು. ಆದಿ ಉಡುಪಿಯ ಆ ಗುಜರಿ ಶೆಡ್ಡಿನಲ್ಲಿ ಸ್ಪೀಕರುಗಳಿಗೆಲ್ಲ ಒಂದೇ ಗತಿ. ಹಿಂದಿನ ಅಯಸ್ಕಾಂತವನ್ನು ಬಡಿದು ಬೇರೆ ಮಾಡುವುದು, ಉಳಿದದ್ದನ್ನು ತಗಡಿನ ರಾಶಿಗೆ ಎಸೆಯುವುದು.

"ಶನಿವಾರ ಕೊಟ್ಟದ್ದನ್ನು ಇವತ್ತು ವಾಪಸು ಕೇಳಿದರೆ ನಾನೆಂತ ಮಾಡುವುದು?" ಎಂದ ದೇವದಾಸ. "ಅಷ್ಟು ದೊಡ್ಡ ಸಾಮಾನಾ ಅದು?"

"ದೊಡ್ಡದೇ ಮಾರ್ರೆ. ಹನ್ನೆರಡು ಇಂಚಿನದ್ದು. ಕಾಗದ ಒಂದು ಕಡೆ ಹರಿದಿದೆ, ಗಮ್ ಹಚ್ಚಿದ್ದುಂಟು."

"ಹರಿದದ್ದಕ್ಕೆ ಇಷ್ಟು ಬೆವರುವುದಾ?"

ಯೋಗೀಶ ರಾಶಿಗೆ ಕೈ ಹಾಕಿದ. ಹನ್ನೊಂದು ಗಂಟೆಯಾಗಿತ್ತು. ಸಂಜೆಯ ಕಾರ್ಯಕ್ರಮದ ತಯಾರಿಗೆ ಮೂರಕ್ಕೆ ಮಣಿಪಾಲದ ಸಭಾಂಗಣಕ್ಕೆ ಆಂಡ್ರ್ಯೂ ಬರುವವನಿದ್ದ. ಬಂದು ಗಿಟಾರ್ ಸಿಕ್ಕಿಸಿ ಒಂದು ತಂತಿ ಮೀಟಿದರೆ ಸಾಕು, ಯೋಗೀಶ ಮಾಡಿದ ಘನಕಾರ್ಯ ಬಯಲಾಗುತ್ತಿತ್ತು.

ಮದುವೆ ಮನೆಗಳ ಮೈಕ್‌ಸೆಟ್ ರಿಪೇರಿ ಮಾಡಿ ಬದುಕುವ ಯೋಗೀಶನಿಗೆ ಹೆವಿ ಮೆಟಲ್ ಹುಚ್ಚು ಹಿಡಿಸಿದವನೇ ಕಲ್ಯಾಣಪುರದ ಆಂಡ್ರ್ಯೂ. ಪಿಯುಸಿಯಲ್ಲಿದ್ದಾಗ ಯಾವುದೋ ಕಾಲೇಜಿನ ಕಾಂಪೌಂಡಿನ ಹೊರಗೆ ನಿಂತು ಅವನ ಲೀಡ್ ಗಿಟಾರ್ ಕೇಳಿದ್ದ. ವೇಗವಾಗಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆಂಡ್ರ್ಯೂನ ನಾದ ಬೇರೆ. ದಪ್ಪಗೆ, ಸ್ವಲ್ಪ ಒರಟಾಗಿ ಹೊರಟು, ಎಳೆದ ಸ್ವರದ ಕೊನೆಯಲ್ಲಿ ಅಳುವ ಮೊದಲು ಗಂಟಲು ಕಟ್ಟಿದವರ ಹಾಗೆ ನಡುಗಿ ನಿಲ್ಲುತ್ತಿತ್ತು. ಇಪ್ಪತ್ತೈದು ವರ್ಷದಿಂದ ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಅದಕ್ಕೆ ಬಲಗಿವಿ ಕೊಟ್ಟು ಅದೇ ನಿಲುವು. ಸದ್ದನ್ನು ಚೂಪು ಮಾಡುವ ಟ್ರೆಬಲ್ ತಿರುಪು ಎಲ್ಲಿ ನಿಲ್ಲಬೇಕೆಂದು ಹೆಂಡತಿ ಎಲಿಜಬೆತ್‌ಳ ಕೆಂಪು ನೈಲ್ ಪಾಲಿಶಿನಲ್ಲಿ ಗುರುತು ಹಾಕಿಟ್ಟಿದ್ದ.

ಹೋದ ವಾರ ಅವನೇ ಆ ಆಂಪ್ ಹೊತ್ತು ತಂದಿದ್ದ. "ಇತ್ತೀಚೆಗೆ ಸೌಂಡ್ ಮುಚ್ಚಿಕೊಂಡಿದೆ ಮಾರಾಯ. ಯಾರೋ ಕಂಬಳಿ ಹೊದೆಸಿದ ಹಾಗೆ. ಸರಿ ಮಾಡಿ ಕೊಡು."

ಯೋಗೀಶ ಬಿಚ್ಚಿ ನೋಡಿದರೆ ಒಂದು ದೋಷವೂ ಕಾಣಲಿಲ್ಲ. ಟ್ರೆಬಲ್ ಮಾತ್ರ ಕೆಂಪು ಗುರುತು ದಾಟಿ ತುದಿಗೆ ಹೋಗಿತ್ತು. ಆದರೆ ಆಂಡ್ರ್ಯೂನಂಥವನಿಗೆ 'ಇದರಲ್ಲಿ ಏನೂ ಇಲ್ಲ' ಎಂದು ಹೇಳುವುದು ಹೇಗೆ? ಉಪ್ಪುಗಾಳಿಯ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲ ಮೈಕ್‌ಸೆಟ್ಟುಗಳಿಗೂ ಮಾಡುವ ಹಾಗೆ, ಹಳೆಯ ಸ್ಪೀಕರ್ ಕಿತ್ತು ಹೊಸದು ಕೂರಿಸಿದ. ತಿರುಪನ್ನು ಗುರುತಿಗೆ ತಂದ. ಎಲ್ಲ ಮೈಕ್‌ಸೆಟ್ಟುಗಳ ಹಾಗೆಯೇ ಮೈಕು ಸಿಕ್ಕಿಸಿ "ಹಲೋ, ಹಲೋ" ಎಂದು ಪರೀಕ್ಷೆ ಮಾಡಿದ. ಹಲೋ ಚೆನ್ನಾಗಿಯೇ ಕೇಳಿತು.

ಇವತ್ತು ಬೆಳಿಗ್ಗೆ ತಂಡದ ಡ್ರಮ್ಮರ್ ರೋಶನ್ ಆಂಪನ್ನು ಸಭಾಂಗಣಕ್ಕೆ ಒಯ್ದು, ಗಿಟಾರ್ ಸಿಕ್ಕಿಸಿ ನೋಡಿ, ಆ ಸದ್ದನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ತಗಡು ಕತ್ತರಿಸುವ ಸದ್ದು. ಕೆಳಗೆ ಒಂದೇ ಸಾಲು: "ಎಂತ ಮಾಡಿದ್ದು ನೀನು?"

ಮೂರಕ್ಕೆ ಹತ್ತು ನಿಮಿಷ ಇರುವಾಗ, ಮಿಕ್ಸಿಗಳ ರಾಶಿಯ ಅಡಿಯಲ್ಲಿ, ಹರಿದ ಕಾಗದದ ಆ ಸ್ಪೀಕರ್ ಸಿಕ್ಕಿತು. ಸುತ್ತಿಗೆ ಅದರ ತನಕ ಬಂದಿರಲಿಲ್ಲ. ಗೋಣಿಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಮಣಿಪಾಲದ ಏರು ಹತ್ತುವಾಗ, ಆಂಡ್ರ್ಯೂ ಬೈಯುವ ಮಾತುಗಳನ್ನು ತಾನೇ ಒಂದೊಂದಾಗಿ ಕಲ್ಪಿಸಿಕೊಂಡ. ಬೈದರೆ ಸಹಿಸಬಹುದು. ಆ ನಾದವನ್ನೇ ಕೊಂದವನೆಂದು ಅನ್ನಿಸಿಕೊಳ್ಳುವುದು ಹೇಗೆ?

ಬಾಗಿಲಲ್ಲೇ ಗೊತ್ತಾಯಿತು, ತಡವಾಗಿತ್ತು. ಆಂಡ್ರ್ಯೂ ವೇದಿಕೆಯ ಮೇಲೆ ನುಡಿಸುತ್ತಿದ್ದ. ಸದ್ದು ಕಿವಿಯೊಳಗೆ ಸೂಜಿ ಹಾಕಿದ ಹಾಗಿತ್ತು. ಕುರ್ಚಿ ಜೋಡಿಸುತ್ತಿದ್ದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ರೋಶನ್ ಮುಖ ಕಿವಿಚಿ ಯೋಗೀಶನನ್ನು ದುರುಗುಟ್ಟಿ ನೋಡಿದ. ಆಂಡ್ರ್ಯೂ ನುಡಿಸುವುದನ್ನು ನಿಲ್ಲಿಸಿ, ಬಗ್ಗಿ, ಟ್ರೆಬಲ್ಲನ್ನು ಇನ್ನೂ ಮೇಲಕ್ಕೆ ತಿರುಗಿಸಿದ.

"ಬಂದೆಯಾ ಯೋಗೀಶ? ಅಡ್ಡಿಲ್ಲ, ಮೊದಲಿಗಿಂತ ಒಳ್ಳೆದುಂಟು," ಎಂದು ನಕ್ಕ. "ಆದ್ರೂ ಇನ್ನೂ ಒಂಚೂರು ಮುಚ್ಚಿದ ಹಾಗೆ ಉಂಟು, ಅಲ್ವಾ?"

ಯೋಗೀಶ ವೇದಿಕೆಯ ಬಳಿ ಬಂದು ತಿರುಪನ್ನು ನೋಡಿದ; ಹೋದ ವಾರದ ಹಾಗೆಯೇ ಅದು ಕೆಂಪು ಗುರುತು ದಾಟಿ ತುದಿಗೆ ಹೋಗಿತ್ತು. ಬೆಳಗಿನಿಂದ ಹೊತ್ತು ತಿರುಗಿದ ಭಯ ಕ್ಷಣದಲ್ಲಿ ಸಣ್ಣದಾಗಿ, ಅದರ ಜಾಗದಲ್ಲಿ ಹೆಸರು ಹೇಳಲಾಗದ ದೊಡ್ಡದೊಂದು ಬಂದು ಕುಳಿತಿತು. ಈತ ಒಮ್ಮೆ ಬೈದುಬಿಡಬಾರದೇ ಎಂದು ಅನ್ನಿಸಿತು.

"ಅಣ್ಣ, ಹಳೆಯದನ್ನೇ ಹಾಕ್ತೇನೆ."

"ಎಂತ?"

"ಹಳೇ ಸ್ಪೀಕರ್! ಅದೇ ಹಾಕ್ತೇನೆ!"

ಆಂಡ್ರ್ಯೂ ರೋಶನನ ಕಡೆ ನೋಡಿದ. ರೋಶನ್ ತಲೆ ತಗ್ಗಿಸಿ ಡ್ರಮ್ಮಿನ ತಿರುಪು ಬಿಗಿ ಮಾಡತೊಡಗಿದ. ಕುರ್ಚಿಯ ಹೆಂಗಸು ಇನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ. ಆಂಡ್ರ್ಯೂ ಅವಳನ್ನೂ ನೋಡಿದ. ಆಮೇಲೆ ತನ್ನ ಬಲಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಆಂಪಿನಿಂದ ಹಿಂದೆ ಸರಿದ.

ಯೋಗೀಶ ಹೊಸದನ್ನು ಬಿಚ್ಚಿ, ಹಳೆಯದನ್ನು ಕೂರಿಸಿ ಸ್ಕ್ರೂ ಬಿಗಿ ಮಾಡಿದ. ಕೊನೆಗೆ ಟ್ರೆಬಲ್ಲನ್ನು ಕೆಂಪು ಗುರುತಿಗೆ ತಂದು ನಿಲ್ಲಿಸಿ ಹಿಂದೆ ಸರಿದ.

ಆಂಡ್ರ್ಯೂ ಎಂದಿನ ಜಾಗದಲ್ಲಿ ನಿಂತು ಒಂದು ಸ್ವರ ಎಳೆದ. ಅದೇ ಬಂತು. ದಪ್ಪಗೆ, ಒರಟಾಗಿ ಹೊರಟು, ಕೊನೆಯಲ್ಲಿ ನಡುಗಿ ನಿಂತಿತು. ಯೋಗೀಶನ ಮೈ ಜುಮ್ಮೆಂದಿತು.

"ಉಂಟಾ?" ಎಂದ ಆಂಡ್ರ್ಯೂ, ಮೆಲ್ಲಗೆ.

"ಉಂಟು ಅಣ್ಣ. ಹಾಗೆಯೇ ಉಂಟು."

ಆಂಡ್ರ್ಯೂ ತಲೆಯಾಡಿಸಿ ಮುಂದುವರಿಸಿದ. ತಂತಿಯನ್ನೂ ನೋಡಲಿಲ್ಲ, ಆಂಪನ್ನೂ ನೋಡಲಿಲ್ಲ. ಪ್ರತಿ ಸ್ವರಕ್ಕೂ ಅವನ ಕಣ್ಣು ಯೋಗೀಶನ ಮುಖದ ಮೇಲೇ ಇತ್ತು. ಯೋಗೀಶ ರೆಪ್ಪೆ ಬಡಿಯಲೂ ಹೆದರಿ, ಖಾಲಿ ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತ.