ನ್ಯಾಯಕ್ಕೆ ಕೂತವರು

ಬ್ಯಾನರಿನಲ್ಲಿ ‘ಹವಾಮಾನ’ ಇರಬೇಕೋ ‘ಹವಾಗುಣ’ ಇರಬೇಕೋ ಎಂಬುದು ಮನುಕುಲದ ಮುಂದಿನ ದಾರಿಯನ್ನೇ ನಿರ್ಧರಿಸುವ ಪ್ರಶ್ನೆಯಾಗಿತ್ತು. ಮಡಿಕೇರಿಯಲ್ಲಿ ಸಮಾಜಶಾಸ್ತ್ರ ಕಲಿಸುವ ಹಂಸಿನಿ ಗೆಳೆಯರನ್ನು ಕೂಡಿಸಿ, ನಿಘಂಟುಗಳನ್ನು ತಿರುವಿಸಿ, ಒಂದಿಬ್ಬರ ಮನಸ್ಸು ಮುರಿದು, ಕೊನೆಗೆ ‘ಹವಾಮಾನ ನ್ಯಾಯ ಸಭೆ’ ಎಂದು ಬರೆಸಿದಳು. ಎರಡನೆಯ ಪದದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಸಭೆ ನಡೆದದ್ದು ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಗಳ ಮುಂದೆ. ಮನೆಗಳ ಹಿಂದಿನ ಗುಡ್ಡದ ಬರೆ ಹೋದ ಮಳೆಗಾಲದಲ್ಲೇ ಬಿರಿದು ಬಾಯಿ ಬಿಟ್ಟಿತ್ತು. ಈ ಸಲದ ಮಳೆಗೆ ಅದು ಮೈಮೇಲೆ ಕುಸಿಯುವುದೆಂದು ಕೊನೆಯ ಮನೆಯ ಬೋಜಮ್ಮನಿಗೆ ನಿದ್ದೆಯಿಲ್ಲ. ಇಂಥವರ ಮಾತನ್ನೆಲ್ಲ ದಾಖಲಿಸಿ ವರದಿ ಮಾಡುವುದು ಹಂಸಿನಿಯ ಕೆಲಸ. ರೆಕಾರ್ಡರ್ ಇಟ್ಟು, ಹೇಳಿ ಎಂದಳು. ಬರೆ ಬಿಟ್ಟಷ್ಟು ಬಾಯಿಯನ್ನು ಜನ ಬಿಡಲಿಲ್ಲ.

ಎಸ್ಟೇಟಿನ ಸಾಹುಕಾರರೆಲ್ಲಿ ಎಂದು ಬೋಜಮ್ಮ ಕೇಳಿದಳು. ಅವರನ್ನು ಬೇಕೆಂದೇ ಕರೆದಿಲ್ಲ, ಹೆದರಬೇಡಿ ಎಂದು ಹಂಸಿನಿ ವಿವರಿಸಿದಳು.

“ನ್ಯಾಯ ಅಂತ ಬರ್ಸಿದೀರಲ್ಲ ಮೇಡಮ್ಮ. ಒಂದೇ ಕಡೆಯವ್ರು ಕೂತ್ರೆ ಅದು ಚಾಡಿ ಆಗುತ್ತೆ.”

ಯಾರೋ ಬಂಗಲೆಗೆ ಓಡಿದರು. ಸಾಹುಕಾರ ಸತೀಶ್ ಕೆರಳಿಕೊಂಡೇ ಬಂದ. ಬ್ಯಾನರ್ ಓದಿ ಟೋಪಿ ತೆಗೆದು ಎದುರು ಬೆಂಚಿನಲ್ಲಿ ಕೂತ. ನ್ಯಾಯ ಹೇಳುವವರು ಯಾರೆಂದು ಕೇಳಿದ. ಎಲ್ಲರೂ ಹಂಸಿನಿಯನ್ನು ನೋಡಿದರು.

ಸಂಶೋಧಕರು ತೀರ್ಪು ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೇ ಎಂದು ಅವಳು ತೊದಲಿದಳು.

“ಮತ್ತೆ ನಮ್ಮನ್ನೆಲ್ಲ ಯಾಕಮ್ಮ ಕೂರ್ಸಿದ್ದು?” ಎಂದ ಸತೀಶ್. ಬೋಜಮ್ಮ ತಲೆಯಾಡಿಸಿದಳು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ಆ ಲೈನು ಕಂಡದ್ದು ಅದೇ ಮೊದಲು.

ಹಂಸಿನಿ ಎದ್ದಳು, ಕೂತಳು, ರೆಕಾರ್ಡರ್ ಆಫ್ ಮಾಡಿದಳು. ಕಾಫಿ ಮಾರಾಟಕ್ಕೆ ಹೋಗಿ ನಿಮ್ಮ ಗೋದಾಮು ಖಾಲಿಯಿದೆ, ಮಳೆಗೆ ಮುಂಚೆ ಇವರನ್ನು ಅಲ್ಲಿಗೆ ಸೇರಿಸಿ ಎಂದಳು. ಸತೀಶ್ ಗಲ್ಲ ಕೆರೆದುಕೊಂಡ.

“ಆಯ್ತು, ನನ್ ಗೋದಾಮು ಬಿಟ್ಟೆ. ನೀವೂ ಒಂದು ಬಿಡ್ಬೇಕು. ಈ ಲೈನಿನ ಸುದ್ದಿ ವರದಿಗೆ ಹೋಗ್ಬಾರ್ದು.”

ಈ ಲೈನಿಲ್ಲದೆ ವರದಿಗೆ ಬೆನ್ನೆಲುಬಿರಲಿಲ್ಲ. ಇದು ನ್ಯಾಯವಲ್ಲ, ಬಾಯಿ ಮುಚ್ಚಿಸುವುದು ಎಂದು ಅವಳು ಹೇಳಹೊರಟಳು. ಜೀಪಿನವರೆಗೆ ನಡೆದಳು, ತಿರುಗಿ ಬಂದಳು. ಬೋಜಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

“ಆಯ್ತು,” ಎಂದಳು ಹಂಸಿನಿ.

ಆ ವಾರವೇ ಲೈನಿನವರು ಗೋದಾಮಿಗೆ ಹೋದರು. ವರದಿ ಬರಲಿಲ್ಲ.