ಅಕ್ಕನ ಬೆಂಚಿನ ಮೇಲಿನ ಸ್ಪೀಕರ್

ಪಾರ್ಕಿಗೆ ಹಾಡಿನ ಸ್ಪೀಕರ್ ಬಂದ ಮೇಲೆ ಬೆಂಚುಗಳು ಒಂದೊಂದಾಗಿ ಖಾಲಿಯಾಗುವುದನ್ನು ನೀವೂ ನೋಡಿರಬಹುದು. ಕರೆಂಟ್ ಕೆಲಸದ ವೈರಣ್ಣನಿಗೆ ಮಾತ್ರ ಅದು ಕಣ್ಣಿಗೆ ಬೀಳಲಿಲ್ಲ. ಆರು ಸ್ಪೀಕರುಗಳನ್ನೂ ಕಂಬಕ್ಕೆ ಕಟ್ಟಿದವನು ಅವನೇ, ಅದೂ ಪುಕ್ಕಟೆಯಾಗಿ. ಒಂದನ್ನಂತೂ ತನ್ನ ಅಕ್ಕ ದಿನಾ ಕೂರುವ ಬೆಂಚಿನ ನೆತ್ತಿಯ ಮೇಲೇ ಕಟ್ಟಿದ್ದ. ಕಣ್ಣು ಕಾಣದ ಅಕ್ಕನಿಗೆ ಕಿವಿಯಾದರೂ ತುಂಬಲಿ ಎಂಬ ಆಸೆ. ಅವಳನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಆ ಮಹಾರಾಯನಿಗೆ ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ಅಕ್ಕ ಮಂಡಿನೋವು ಎಂದು ಮನೆ ಹಿಡಿದಳು. ಊಟ ಸೇರದಾಯಿತು, ಮಾತು ಕಡಿಮೆಯಾಯಿತು. ಎಂಟು ತಿಂಗಳು ವೈರಣ್ಣ ಅವಳ ಮಂಡಿಗೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.

ಒಂದು ದಿನ ಬಿ.ಪಿ. ನೋಡಲು ಮನೆಗೆ ಬಂದ ನರ್ಸಮ್ಮ, ಅಕ್ಕನನ್ನು ಎಬ್ಬಿಸಿ ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆಸಿದಳು. ಮಂಡಿ ಚೆನ್ನಾಗಿಯೇ ಇತ್ತು. ಮತ್ತೆ ಪಾರ್ಕಿಗೇಕೆ ಹೋಗುತ್ತಿಲ್ಲ ಎಂದು ಕೇಳಿದಳು.

ಅಕ್ಕ ತಮ್ಮನಿದ್ದ ಕಡೆ ಮುಖ ತಿರುಗಿಸಿದಳು. "ಬೇಜಾರು ಮಾಡ್ಕೋಬೇಡ ಕಣೋ. ಗಾಳಿ ಬಂದ್ರೆ ನನಗೆ ಎಲೆ ಕಾಣೋದು, ಹಕ್ಕಿ ಕೂಗಿದ್ರೆ ಕೊಂಬೆ ಕಾಣೋದು. ನಿನ್ನ ಹಾಡು ಶುರುವಾದ್ಮೇಲೆ ಅಲ್ಲೂ ಕತ್ತಲಾಯ್ತು."

ವೈರಣ್ಣ ಸುಲಭಕ್ಕೆ ಬಗ್ಗಲಿಲ್ಲ. ಹಾಡು ಯಾರಿಗೆ ತಾನೇ ಬೇಡ ಎಂದು ವಾದಕ್ಕಿಳಿದ. ಹಾಡು ಕೆಟ್ಟದ್ದಲ್ಲ, ಆದರೆ ತಪ್ಪಿಸಿಕೊಳ್ಳಲಾಗದ ಸದ್ದು ಮನಸ್ಸಿಗೆ ಹೊರೆ ಎಂದು ನರ್ಸಮ್ಮ ತಿಳಿಸಿ ಹೇಳಿದಳು. ಎಲೆ, ನೀರು, ಹಕ್ಕಿಯ ಸದ್ದಿನಲ್ಲಿ ಎಷ್ಟೋ ಜನರ ದಣಿವು ಇಳಿಯುತ್ತದೆ, ಜೋರು ಸದ್ದಿನಲ್ಲಿ ಕಿರಿಕಿರಿ ಏರುತ್ತದೆ.

"ಕಟ್ಟೋ ಮುಂಚೆ ಅಲ್ಲಿ ಕೂರೋರನ್ನ ಕೇಳಿದ್ರಾ ಅಣ್ಣ?"

"ಇಲ್ಲಮ್ಮ," ಎಂದು ವೈರಣ್ಣ ತಲೆ ತಗ್ಗಿಸಿದ.

ಮರುದಿನವೇ ಪಾರ್ಕಿನ ಸಮಿತಿಯವರನ್ನು ಕಾಡಿ ಬೇಡಿ ಒಪ್ಪಿಸಿ ಆರನ್ನೂ ಕೆಳಗಿಳಿಸಿದ. ಅಕ್ಕ ಬೆಂಚಿಗೆ ಮರಳಿದಳು. ಯಾವ ಕೊಂಬೆಯಲ್ಲಿ ಯಾವ ಹಕ್ಕಿ ಎಂದು ಪಕ್ಕದಲ್ಲಿ ಕೂತ ತಮ್ಮನಿಗೆ ಅವಳೇ ಬೆರಳು ಮಾಡಿ ತೋರಿಸುತ್ತಿದ್ದಳು. ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ಬೆಳಿಗ್ಗೆ ಅವಳು ಏಳಲಿಲ್ಲ.

ವಯಸ್ಸಾಗಿತ್ತು, ಸದ್ದಿನಿಂದ ಹೋದಳೆಂದು ಯಾರೂ ಹೇಳುವುದಿಲ್ಲ. ಆದರೆ ವೈರಣ್ಣ ಇವತ್ತಿಗೂ ಆ ಎಂಟು ತಿಂಗಳನ್ನು ನೆನೆದು ಅಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಪಾರ್ಕಿನಲ್ಲಿ ನಿಮ್ಮ ಫೋನಿನ ಹಾಡು ನಿಮ್ಮ ಕಿವಿಗಷ್ಟೇ ಇರಲಿ. ಸ್ಪೀಕರ್ ಕಟ್ಟುವ ಮೊದಲು ಅಲ್ಲಿ ಸುಮ್ಮನೆ ಕೂರುವವರನ್ನು ಕೇಳಿ. ಬರುವುದನ್ನೇ ಬಿಟ್ಟವರಿದ್ದರೆ ಅವರ ಮನೆಗೆ ಹೋಗಿ ಕೇಳಿ. ಅವರು ಇರುವಾಗಲೇ ಕೇಳಿ.