ಬಿಸಿಲಲ್ಲಿ ಕಾಣದ ಬೆಂಕಿ

ಸಾಕ್ಷಕ್ಕ ಮೆಕ್ಯಾನಿಕಲ್ ಓದಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಬೋರ್ಡಿನ ಮೇಲೆ ಇಂಜಿನ್ ಬಿಡಿಸಿ ಸಾಕಾಯಿತು ಅಂತ ಒಂದು ದಿನ ಬಿಟ್ಟು ಬಂದು ಪುತ್ತೂರಿನ ದರ್ಬೆಯಲ್ಲಿ ವರ್ಕ್‌ಶಾಪ್ ಹಾಕಿದರು. ಅವರು ಕಟ್ಟಿದ ಸಣ್ಣ ರೇಸ್ ಬೈಕನ್ನು ಓಡಿಸುವುದು ನಾನು, ಫಾರಿಸ್.

ಈ ಸಲ ರಾಮಕುಂಜದ ಮಣ್ಣಿನ ಟ್ರ್ಯಾಕ್‌ನಲ್ಲಿ ಎಥನಾಲ್ ಹಾಕಿ ಓಡಿಸುವ ಬೈಕುಗಳಿಗೇ ಒಂದು ರೇಸ್ ಇಟ್ಟಿದ್ದರು. ಸುದ್ದಿ ಸಿಕ್ಕಿದ ದಿನವೇ ಸಾಕ್ಷಕ್ಕ ಇಂಜಿನ್ ಬಿಚ್ಚಿದರು.

"ಪೆಟ್ರೋಲ್ ಬದಲು ಅದನ್ನು ಹೊಯ್ದರೆ ಆಯಿತಲ್ಲ?" ಅಂದೆ.

"ಹಾಗೆ ಆಗುದಿಲ್ಲ ಮಾರಾಯ. ಅಷ್ಟೇ ಗಾಳಿಗೆ ಇದು ಪೆಟ್ರೋಲಿನ ಹೆಚ್ಚುಕಮ್ಮಿ ಒಂದೂವರೆ ಪಾಲು ಬೇಕು. ಕಾರ್ಬುರೇಟರಿನ ತೂತು ಸಾಕಾಗುದಿಲ್ಲ."

ಎಣ್ಣೆ ಹೋಗುವ ಜೆಟ್ ಬದಲಾಯಿಸಿದರು. ಎಥನಾಲಿಗೆ ಉಬ್ಬುವ ರಬ್ಬರ್ ಪೈಪು, ವಾಷರುಗಳನ್ನೆಲ್ಲ ತೆಗೆದು ಬೇರೆ ಹಾಕಿದರು. ಹೆಡ್ ತೆಳ್ಳಗೆ ಉಜ್ಜಿಸಿ ಇಂಜಿನಿನ ಒತ್ತಡ ಏರಿಸಿದರು. ಗುತ್ತಿಗಾರು ಕಡೆಯ ಒಂದು ರಬ್ಬರ್ ತೋಟದ ಒಳರಸ್ತೆಯಲ್ಲಿ ಓಡಿಸಿ ನೋಡಿದೆವು. ಬೈಕ್ ಹಾರಿತು ಅನ್ನುವಷ್ಟರಲ್ಲಿ ಇಂಜಿನ್ ಕಿರುಚಿ ನಿಂತಿತು. ಬಿಚ್ಚಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು.

ನನಗೆ ಅಳು ಬಂದಹಾಗಾಯಿತು. ಸಾಕ್ಷಕ್ಕ ಪಿಸ್ಟನ್ನನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಬೇಜಾರು ಅವರಿಗೂ ಇತ್ತು, ಮುಖ ಕೆಂಪಾಗಿತ್ತು. ಆದರೂ ಅಂದದ್ದು ಇಷ್ಟೆ: "ಇದಕ್ಕೆ ಹೊಟ್ಟೆಗೆ ಸಾಲಲಿಲ್ಲ. ಎಣ್ಣೆ ಕಮ್ಮಿಯಾಗಿ ಕಾದು ತೂತಾದದ್ದು. ಇನ್ನೂ ದೊಡ್ಡ ಜೆಟ್ ಹಾಕುವ."

ಹೊಸ ಪಿಸ್ಟನ್ ಹಾಕಿ, ಜೆಟ್ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾ ಹೋದರು. ಪ್ರತಿ ಸಲ ಓಡಿಸಿ ಬಂದ ಕೂಡಲೇ ಪ್ಲಗ್ ಬಿಚ್ಚಿ, ಎಣ್ಣೆ ಸಾಕಾಯಿತೋ ಅಂತ ಅದರ ಬಣ್ಣ ನೋಡುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಅದೇ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಅಂಥ ಎಳೆತವನ್ನು ನಾನು ಆ ಬೈಕಿನಲ್ಲಿ ಕಂಡಿರಲಿಲ್ಲ. ವಾಪಸ್ ಬಂದರೆ ಸಾಕ್ಷಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಒಬ್ಬರೇ ನಗುತ್ತಿದ್ದರು.

ರೇಸಿನ ದಿನ ಮಧ್ಯಾಹ್ನ ರಣಬಿಸಿಲು. ನಾನು ಮುಂದಿದ್ದೆ. ಬೆನ್ನಿಗೇ ಗುತ್ತಿಗಾರಿನ ಭವಿತ್. ದೊಡ್ಡ ತಿರುವಿನಲ್ಲಿ ಅವನ ಬೈಕ್ ಜಾರಿ ಬಿತ್ತು. ಬೈಕ್ ನಿಧಾನ ಮಾಡಿ ಹಿಂತಿರುಗಿ ನೋಡಿದಾಗ ಅವನು ಎದ್ದು ನಿಂತಿದ್ದ. ಮರುಕ್ಷಣ ಕಾಲು ಬಡಿಯುತ್ತಾ ಕುಣಿಯತೊಡಗಿದ. ಹೊಗೆಯೂ ಇಲ್ಲ, ಜ್ವಾಲೆಯೂ ಇಲ್ಲ. ಇರುವೆ ಕಚ್ಚಿತೋ ಏನೋ ಅಂತ ಜನ ನಗುತ್ತಿದ್ದರು.

ಸಾಕ್ಷಕ್ಕ ಮಾತ್ರ ಟ್ರ್ಯಾಕಿನ ಬದಿಗೆ ಕಟ್ಟಿದ್ದ ಹಗ್ಗ ಹಾರಿ ಓಡಿದರು. "ಬೆಂಕಿ! ಹುಡುಗನಿಗೆ ಬೆಂಕಿ ಹಿಡಿದಿದೆ!"

"ಎಲ್ಲಿ ಬೆಂಕಿ?" ಅಂದ ಅಲ್ಲಿದ್ದ ಸ್ವಯಂಸೇವಕ.

ಧೂಳಿಗೆ ಚಿಮುಕಿಸಲು ಇಟ್ಟಿದ್ದ ನೀರಿನ ಡ್ರಮ್ಮಿನಿಂದ ಸಾಕ್ಷಕ್ಕ ಬಕೆಟ್ ತುಂಬಿ ಎತ್ತಿದಾಗ ಆತ ಕೈ ಹಿಡಿದ. "ಎಣ್ಣೆ ಬೆಂಕಿಗೆ ನೀರು ಹಾಕಬಾರದು, ಮೇಡಂ!"

"ಇದಕ್ಕೆ ಹಾಕಬಹುದು! ಇದು ನೀರಿನಲ್ಲಿ ಬೆರೀತದೆ. ಬಿಡಿ!"

ಭವಿತನ ಮೈಮೇಲೆ ಬಕೆಟ್ ಮೇಲೆ ಬಕೆಟ್ ಸುರಿದರು. ಆಮೇಲೆ ಬೈಕಿನ ಮೇಲೆ. ನಾನು ಬೈಕ್ ನಿಲ್ಲಿಸಿ ಓಡಿ ಬರುವಾಗ ಅವನ ಪ್ಯಾಂಟು ಮೊಣಕಾಲವರೆಗೆ ಕರಟಿ ಅಂಟಿತ್ತು. ಟ್ಯಾಂಕಿನಿಂದ ಚೆಲ್ಲಿದ ಎಥನಾಲ್ ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತ್ತು. ಅದರ ತೆಳು ನೀಲಿ ಜ್ವಾಲೆ ಅಂಥ ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಅವನ ಕಾಲ ಸುತ್ತ ಗಾಳಿ ಬಿಸಿಗೆ ನಡುಗುವುದನ್ನು ಸಾಕ್ಷಕ್ಕ ಕಂಡಿದ್ದರು.

ಭವಿತನನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಾಯ ಆಳವಿಲ್ಲ ಅಂತ ಫೋನ್ ಬಂದ ಮೇಲೆ ಸಂಘಟಕರು ನಿಂತಿದ್ದ ರೇಸ್ ಮುಂದುವರಿಸಲು ಹೊರಟರು.

"ಪ್ರತಿ ತಿರುವಿನಲ್ಲೂ ನೀರು ಇಡಿ. ಇಡುವವರೆಗೆ ನನ್ನ ಬೈಕ್ ಓಡುದಿಲ್ಲ," ಅಂದರು ಸಾಕ್ಷಕ್ಕ. ಉಳಿದ ಸವಾರರೂ ಅವರ ಪಕ್ಕ ಬಂದು ನಿಂತರು. ನೀರು ಬಂತು. ರೇಸ್ ನಡೆಯಿತು. ಗೆದ್ದೆವು, ಅದೂ ದೊಡ್ಡ ಅಂತರದಲ್ಲಿ.

ಕಾಲಿನ ಗಾಯ ಮಾಗಿದ ಮೇಲೆ ಭವಿತ್ ಪಿಕಪ್‌ನಲ್ಲಿ ಬೈಕ್ ಹಾಕಿಕೊಂಡು ದರ್ಬೆಗೆ ಬಂದ. ನಾಚಿಕೊಂಡೇ ಕೇಳಿದ: "ಅಕ್ಕ, ಇದನ್ನು ಕೂಡ ನೀವೇ ಸರಿ ಮಾಡಿ ಕೊಡ್ತೀರಾ? ಟ್ಯಾಂಕ್, ಇಂಜಿನ್ ಎಲ್ಲ."

"ಒಳಗೆ ತಾ," ಅಂದರು ಸಾಕ್ಷಕ್ಕ.

ನಾನು ಮೆಲ್ಲಗೆ, "ಎಂತ ಅಕ್ಕ ಇದು? ನೀವೇ ಮಾಡಿಕೊಟ್ಟರೆ ಇವನು ನನ್ನನ್ನು ಸೋಲಿಸ್ತಾನೆ!" ಅಂದೆ.

"ಹಾಗಾದರೆ ನೀನು ಇನ್ನೂ ಚೆಂದ ಓಡಿಸು," ಅಂತ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು ಅವನ ಟ್ಯಾಂಕಿನ ಮುಚ್ಚಳ ಬಿಚ್ಚತೊಡಗಿದರು.